ನೆಟ್ ಬಂದ್ ಮಾಡಿದರೂ ನಿಲ್ಲದ ಚುಕ್ಕಿ

ಮೊಬೈಲಿನ ಡೇಟಾ ಬಂದ್ ಮಾಡಿ. ವೈಫೈ ಇದ್ದರೆ ಅದನ್ನೂ ತೆಗೆಯಿರಿ. ಏರೋಪ್ಲೇನ್ ಮೋಡ್ ಒತ್ತಿ, ಹೊರಜಗತ್ತಿನ ನಂಟೆಲ್ಲ ಕಡಿದುಹೋಗಲಿ. ಈಗ ತೆರೆಯ ಮೇಲೆ ಉಳಿದಿರುವ ನಕಾಶೆ ನೋಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕೆಂಪು ಚುಕ್ಕಿ ಓಡುತ್ತಲೇ ಇದೆ! ಕಛ್ ದಾಟಿತು, ನಾಶಿಕ ಬಂತು, ಅಹಿಲ್ಯಾನಗರ ಹೋಯಿತು, ಇಗೋ ಸೊಲ್ಲಾಪುರ ಅನ್ನುವುದರೊಳಗೆ ರಾಯಚೂರು, ರಾಯಚೂರು ಎಂದು ಬಾಯಿ ಮುಚ್ಚುವುದರೊಳಗೆ ಚೆನ್ನೈ ಕಡೆಯ ಕಡಲು.

ಅಕ್ಕಲಕೋಟೆಯಲ್ಲಿ ಪಕ್ಕದ ಮನೆಯ ಹುಡುಗಿಗೆ ಇದನ್ನು ತೋರಿಸಿದೆ. ಅವಳು ಮೊಬೈಲನ್ನು ತಿರುವಿ ಮುರುವಿ ನೋಡಿದಳು. "ನೆಟ್ಟ ಇಲ್ಲ ಅಂದ್ರ, ಅದು ಈಗ ಎಲ್ಲಿ ಅದ ಅಂತ ಇದಕ್ಕ ಹ್ಯಾಂಗ ಗೊತ್ತಾಗ್ತದ ಕಾಕಾ?"

"ಇದಕ್ಕ ಗೊತ್ತಿಲ್ಲವ್ವಾ. ಲೆಕ್ಕ ಮಾಡ್ಲಿಕ್ಕತ್ತದ."

ನಾನೇ ಬರೆದ ವೆಬ್ ಪುಟ ಅದು. ಆದರೂ ಆ ಮಾತು ಬಾಯಿಂದ ಹೊರಬಿದ್ದಾಗ ನನಗೇ ಜುಮ್ಮೆಂದಿತು. ಇಂಥ ಪುಟಗಳ ಹಿಂದೆ ಎಲ್ಲೋ ಒಂದು ಕ್ಯಾಮೆರಾ ಇರುತ್ತದೆ, ಇಲ್ಲವೇ ನಿಲ್ದಾಣ ತನ್ನ ಠಿಕಾಣಿಯನ್ನು ಕ್ಷಣಕ್ಷಣಕ್ಕೂ ಕಳಿಸುತ್ತಿರುತ್ತದೆ ಎಂದೇ ಹೆಚ್ಚಿನವರ ಎಣಿಕೆ. ಅಂಥದ್ದೇನೂ ಇಲ್ಲ. ಪುಟ ಆಕಾಶದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಅದರ ಕೈಯಲ್ಲಿರುವುದು ಎರಡು ಸಾಲು ಅಂಕಿ, ಒಂದು ಗಡಿಯಾರ, ಒಂದು ಸೂತ್ರ. ಇಷ್ಟರಿಂದಲೇ ತಾಸಿಗೆ ಸುಮಾರು 27,600 ಕಿ.ಮೀ. ವೇಗದಲ್ಲಿ ಹೋಗುತ್ತಿರುವ, 400 ಟನ್ನಿಗೂ ಹೆಚ್ಚು ತೂಕದ ವಸ್ತುವೊಂದು ನಾಳೆ ಸಂಜೆ ಅಕ್ಕಲಕೋಟೆಯ ಯಾವ ಮಾಳಿಗೆಯಿಂದ, ಯಾವ ದಿಕ್ಕಿಗೆ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಕಾಣುತ್ತದೆ ಎಂದು ಹೇಳಿಬಿಡುತ್ತದೆ!

ಆ ಎರಡು ಸಾಲುಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒಂದೊಂದು ಸಾಲಿನಲ್ಲಿ ಸರಿಯಾಗಿ 69 ಅಕ್ಷರ, ಹೆಚ್ಚಿಲ್ಲ, ಕಡಿಮೆಯಿಲ್ಲ. ಕಂಪ್ಯೂಟರಿಗೆ ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆದು ಲೆಕ್ಕ ಉಣಿಸುತ್ತಿದ್ದ ಕಾಲದ ಅಚ್ಚು ಅದು, ಇಂದಿಗೂ ಹಾಗೇ ಉಳಿದಿದೆ. ಮೊದಲ ಸಾಲಿನ ಆರಂಭಕ್ಕೆ 25544 ಎಂದಿರುತ್ತದೆ. ಭೂಮಿ ಸುತ್ತುವ ವಸ್ತುಗಳ ದೊಡ್ಡ ದಫ್ತರದಲ್ಲಿ ನಿಲ್ದಾಣದ ನಂಬರು ಅದು. ಮುಂದೆ, ಈ ಲೆಕ್ಕ ಯಾವ ಕ್ಷಣದ್ದು ಎಂಬ ಮಾಹಿತಿ: ಇಸವಿಯ ಕೊನೆಯ ಎರಡು ಅಂಕಿ, ವರ್ಷದ ಎಷ್ಟನೆಯ ದಿನ, ಆಮೇಲೆ ದಶಮಾಂಶದ ಎಂಟು ಸ್ಥಾನ. ಜನವರಿ 1ರ ಮಧ್ಯಾಹ್ನವನ್ನು ಬರೆಯುವುದು 001.50000000 ಎಂದು. ಎಂಟನೆಯ ಸ್ಥಾನದ ಒಂದು ಅಂಕಿ ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು!

ಇಸವಿಗೆ ಎರಡೇ ಅಂಕಿ ಸಾಕೇ? 1998 ಮತ್ತು 2098ಕ್ಕೆ ಗೊಂದಲ ಆಗುವುದಿಲ್ಲವೇ? ಇದನ್ನು ಬಿಡಿಸಿರುವ ಜಾಣ್ಮೆ ನನಗೆ ಬಹಳ ಹಿಡಿಸಿತು. 57ರಿಂದ 99ರ ತನಕ ಇದ್ದರೆ ಹಿಂದಿನ ಶತಮಾನ, 00ಯಿಂದ 56ರ ತನಕ ಇದ್ದರೆ ಈ ಶತಮಾನ. 57 ಯಾಕೆ? ಸ್ಪುಟ್ನಿಕ್ ಹಾರಿದ್ದು 1957ರ ಅಕ್ಟೋಬರ್ 4ರಂದು. ಅದಕ್ಕಿಂತ ಮುಂಚೆ ಬರೆಯಲು ಆಕಾಶದಲ್ಲಿ ಮನುಷ್ಯ ಮಾಡಿದ ವಸ್ತು ಒಂದೂ ಇರಲಿಲ್ಲ. ಬಾಹ್ಯಾಕಾಶ ಯುಗಕ್ಕೆ ಒಂದು ಶಕೆ ಇದೆ, ಅದು ಈ ಸಾಲಿನೊಳಗೆ ಸದ್ದಿಲ್ಲದೆ ಕೂತಿದೆ.

ಎರಡನೆಯ ಸಾಲಿನಲ್ಲಿ ಪಥದ ಜಾತಕ. 51.6ರ ಆಸುಪಾಸಿನ ಒಂದು ಅಂಕಿ ಇರುತ್ತದೆ, ಅದು ಭೂಮಧ್ಯರೇಖೆಗೆ ಪಥ ಎಷ್ಟು ಡಿಗ್ರಿ ವಾಲಿದೆ ಎಂಬುದರ ಲೆಕ್ಕ. 15.5ರ ಹತ್ತಿರದ ಇನ್ನೊಂದು, ದಿನಕ್ಕೆ ಎಷ್ಟು ಸುತ್ತು ಎಂಬುದರದ್ದು. ಪಥ ಎಷ್ಟು ಮೊಟ್ಟೆಯಾಕಾರ, ಭೂಮಿಗೆ ಅತಿ ಹತ್ತಿರ ಬರುವ ಬಿಂದು ಯಾವ ಕಡೆ, ಆ ಕ್ಷಣಕ್ಕೆ ನೌಕೆ ಸುತ್ತಿನ ಎಷ್ಟನೆಯ ಭಾಗದಲ್ಲಿದೆ, ಎಲ್ಲವೂ ಅಲ್ಲೇ. ಒಂದೊಂದು ಸಾಲಿನ ತುದಿಗೂ ಒಂಟಿ ಅಂಕಿಯೊಂದು ಕಾವಲು ನಿಂತಿದೆ. ಆ ಸಾಲಿನ ಉಳಿದ ಅಂಕಿಗಳನ್ನೆಲ್ಲ ಕೂಡಿಸಿ, ಋಣ ಚಿಹ್ನೆ ಇದ್ದಲ್ಲಿ ಒಂದು ಎಂದು ಎಣಿಸಿ, ಬಂದ ಮೊತ್ತದ ಬಿಡಿಸ್ಥಾನ ಈ ಅಂಕಿಗೆ ಹೊಂದಿದರೆ ಸಾಲು ಸರಿಯಿದೆ ಎಂದರ್ಥ. ನಾಲ್ಕನೇ ಇಯತ್ತೆಯ ಮಗು ಪಾಟಿಯ ಮೇಲೆ ಮಾಡುವ ಲೆಕ್ಕ! ನಾನು ಆ ಹುಡುಗಿಗೆ ಮೊದಲು ಮಾಡಿಸಿದ್ದು ಇದನ್ನೇ. ಕೂಡಿಸಿ, ತಾಳೆ ನೋಡಿ, ತಾಳೆಯಾದದ್ದೇ ತಡ, ಎರಡನೆಯ ಸಾಲಿಗೆ ತಾನೇ ಕೈಹಾಕಿದಳು.

ಈ ಸಾಲುಗಳು ಎಲ್ಲಿಂದ ಬರುತ್ತವೆ? ಅಮೆರಿಕದ ರಾಡಾರು, ದುರ್ಬೀನುಗಳ ಜಾಲ ವಸ್ತುಗಳನ್ನು ಅಳೆದು ಪ್ರಕಟಿಸುತ್ತದೆ. ಟಿ. ಎಸ್. ಕೆಲ್ಸೊ ಎಂಬವರು 1985ರಿಂದ ಅವನ್ನು ಜಗತ್ತಿಗೆಲ್ಲ ಪುಕ್ಕಟೆ ಹಂಚುತ್ತಿದ್ದಾರೆ, ಈಗ ಸೆಲೆಸ್‌ಟ್ರ್ಯಾಕ್ ಎಂಬ ತಾಣದ ಮೂಲಕ. ಅವರದೊಂದೇ ಕೋರಿಕೆ: ಒಂದೇ ಮಾಹಿತಿಯನ್ನು ಎರಡು ತಾಸಿನೊಳಗೆ ಮತ್ತೆ ಮತ್ತೆ ಕೇಳಬೇಡಿ. ನಮ್ಮ ಪುಟ ಒಮ್ಮೆ ಇಳಿಸಿಕೊಂಡದ್ದನ್ನು ಮೊಬೈಲಿನಲ್ಲೇ ಕಾದಿಡುತ್ತದೆ. ಹಳ್ಳಿಯ ನೆಟ್‌ವರ್ಕು ಬಂದರೆ ಬಂತು ಹೋದರೆ ಹೋಯಿತು ಅನ್ನುವ ಜಾತಿಯದ್ದಾದ್ದರಿಂದ ಈ ಶಿಸ್ತು ನಮಗೇ ಅನುಕೂಲ.

ಇನ್ನು ಸೂತ್ರ. ಅದರ ಹೆಸರು ಎಸ್‌ಜಿಪಿ4. 1980ರಲ್ಲಿ ಫೆಲಿಕ್ಸ್ ಹೂಟ್ಸ್ ಮತ್ತು ರೊನಾಲ್ಡ್ ರೋರಿಕ್ ಎಂಬಿಬ್ಬರು ಅದನ್ನು ಫೋರ್ಟ್ರಾನ್ ಭಾಷೆಯ ಕೋಡಿನ ಸಮೇತ ಒಂದು ವರದಿಯಲ್ಲಿ ಪ್ರಕಟಿಸಿದರು. ಇವತ್ತು ಅದೇ ಸೂತ್ರ ಜಾವಾಸ್ಕ್ರಿಪ್ಟಿನ ಅವತಾರದಲ್ಲಿ, ಸ್ಯಾಟಲೈಟ್.ಜೆಎಸ್ ಎಂಬ ಹೆಸರಿನಲ್ಲಿ, ಯಾರು ಬೇಕಾದರೂ ಬಳಸುವಂತೆ ಸಿಗುತ್ತದೆ. ಸಾಲು ಕೊಡು, ಸಮಯ ಕೊಡು, ಜಾಗ ತಗೊ. ಅಷ್ಟೇ. ಆದರೆ ಒಳಗೆ ನಡೆಯುವುದನ್ನು ಇಣುಕಿದರೆ ತಲೆ ತಿರುಗುತ್ತದೆ.

ಮೊದಲು ಕೆಪ್ಲರನ ಸಮೀಕರಣ. ಮೊಟ್ಟೆಯಾಕಾರದ ಪಥದಲ್ಲಿ ವಸ್ತು ಒಂದೇ ವೇಗದಲ್ಲಿ ಹೋಗುವುದಿಲ್ಲ, ಹತ್ತಿರ ಬಂದಾಗ ಚುರುಕು, ದೂರ ಹೋದಾಗ ನಿಧಾನ. ಹಾಗಾದರೆ ಇಂಥ ಹೊತ್ತಿಗೆ ಎಲ್ಲಿದೆ? ನಾಲ್ಕು ನೂರು ವರ್ಷ ಹಳೆಯ ಈ ಪ್ರಶ್ನೆಗೆ ಒಂದೇ ಏಟಿಗೆ ಉತ್ತರ ತೆಗೆಯುವ ಬೀಜಗಣಿತದ ದಾರಿಯೇ ಇಲ್ಲ! ಕಂಪ್ಯೂಟರು ಒಂದು ಅಂದಾಜು ಮಾಡುತ್ತದೆ, ಎಷ್ಟು ತಪ್ಪಿತು ನೋಡುತ್ತದೆ, ತಿದ್ದಿಕೊಳ್ಳುತ್ತದೆ, ಮತ್ತೆ ಅಂದಾಜು. ಒಂದಷ್ಟು ಸಲ ಹೀಗೆ ಮಾಡಿದರೆ ತಪ್ಪು ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ಚುಕ್ಕಿ ತೆರೆಯ ಮೇಲೆ ಒಂದು ಹೆಜ್ಜೆ ಇಟ್ಟಾಗಲೆಲ್ಲ ಈ ಹುಡುಕಾಟ ಮೊದಲಿಂದ ನಡೆಯುತ್ತದೆ.

ಆಮೇಲೆ ಭೂಮಿಯ ಹೊಟ್ಟೆ. ಭೂಮಿ ನಿಜವಾದ ಗುಂಡಲ್ಲ. ನಡುವಿನಲ್ಲಿ ಉಬ್ಬಿದೆ, ಭೂಮಧ್ಯದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಇಪ್ಪತ್ತೊಂದು ಕಿ.ಮೀ. ವ್ಯತ್ಯಾಸ ಭೂಮಿಯ ಗಾತ್ರದೆದುರು ಯಾವ ಲೆಕ್ಕ ಅನ್ನಿಸಬಹುದು. ಆದರೆ ಆ ಉಬ್ಬಿನ ಎಳೆತಕ್ಕೆ ನಿಲ್ದಾಣದ ಇಡೀ ಪಥವೇ ದಿನಕ್ಕೆ ಸುಮಾರು 5 ಡಿಗ್ರಿಯಷ್ಟು ಪಶ್ಚಿಮಕ್ಕೆ ಹೊರಳುತ್ತದೆ! ಸೂರ್ಯನೂ ದಿನಕ್ಕೊಂದು ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ಎರಡೂ ಸೇರಿ ಆರು ಡಿಗ್ರಿ, ಅಂದರೆ ದಿನಕ್ಕೆ ಇಪ್ಪತ್ನಾಲ್ಕು ನಿಮಿಷ. ನಿಲ್ದಾಣ ಕೆಲವು ದಿನ ಸಂಜೆ ಕಂಡು, ಆಮೇಲೆ ಎಲ್ಲಿ ಹೋಯಿತೋ ಎಂಬಂತೆ ಮಾಯವಾಗಿ, ಸುಮಾರು ಎರಡು ತಿಂಗಳಿಗೆ ಅದೇ ದಿಕ್ಕಿನ ಸಂಜೆಗಳು ಮರಳಿ ಬರುವುದು ಇದೇ ಕಾರಣಕ್ಕೆ. ಮಾಳಿಗೆ ಮೇಲೆ ನಿಂತು ಆಕಾಶ ನೋಡುತ್ತಿದ್ದೇವೆ ಅಂದುಕೊಂಡಿರುತ್ತೇವೆ. ನೋಡುತ್ತಿರುವುದು ನಿಜಕ್ಕೂ ನಮ್ಮ ಕಾಲಕೆಳಗಿನ ಭೂಮಿಯ ಆಕಾರವನ್ನು!

ಇನ್ನೊಂದು ಗಮ್ಮತ್ತು. ಭೂಮಿ ತನ್ನ ಸುತ್ತ ಒಂದು ಸಲ ತಿರುಗಲು 24 ತಾಸು ಎಂದು ಎಲ್ಲರೂ ಉರು ಹೊಡೆದಿದ್ದೇವೆ. ನಕ್ಷತ್ರಗಳ ಲೆಕ್ಕದಲ್ಲಿ ಅದು 23 ತಾಸು, 56 ನಿಮಿಷ, 4 ಸೆಕೆಂಡ್. ಹೋಗಲಿ ಬಿಡು ನಾಲ್ಕು ನಿಮಿಷ ಎಂದು ಕೋಡಿನಲ್ಲಿ 24 ತಾಸನ್ನೇ ಬರೆದು ನೋಡಿ. ಒಂದು ದಿನ ಕಳೆಯುವುದರೊಳಗೆ ಸೊಲ್ಲಾಪುರದ ನೆತ್ತಿಯ ಮೇಲಿರಬೇಕಾದ ಚುಕ್ಕಿ ಕಲಬುರಗಿಯ ಮೇಲೆ ಕೂತಿರುತ್ತದೆ.

ಒಂದು ಸುತ್ತು ಮುಗಿಸಲು ನಿಲ್ದಾಣಕ್ಕೆ ಬೇಕಾದದ್ದು ಸುಮಾರು 93 ನಿಮಿಷ. ಅಷ್ಟರಲ್ಲಿ ಭೂಮಿ ತಿರುಗಿ ಸೊಲ್ಲಾಪುರ ಪೂರ್ವಕ್ಕೆ 2,400 ಕಿ.ಮೀ.ಗೂ ಹೆಚ್ಚು ಸರಿದಿರುತ್ತದೆ. ಹಾಗಾಗಿ ಮುಂದಿನ ಸುತ್ತಿನ ಗೆರೆ ನಮ್ಮ ಮೇಲೆ ಬೀಳದೆ ಅರಬಸ್ಥಾನದ ಕಡೆ ಬೀಳುತ್ತದೆ. ದಿನವಿಡೀ ಚುಕ್ಕಿಯ ಹಿಂದೆ ಗೆರೆ ಎಳೆಯಲು ಬಿಟ್ಟರೆ, ನಮ್ಮೂರಿನ ಮಗ್ಗದ ಮೇಲೆ ಚಾದರದ ಹೂ ಏರಿದ ಹಾಗೆ, ಅಲೆ ಪಕ್ಕ ಅಲೆ ಕೂಡಿ ಇಡೀ ನಕಾಶೆ ತುಂಬುತ್ತದೆ. ಮೇಲೆ ಕೆಳಗೆ 51.6 ಡಿಗ್ರಿಗೆ ಅಂಚು. ಅದರಾಚೆ ಕಾಲಿಡುವುದಿಲ್ಲ.

ಬರೀ ನಕಾಶೆಯಲ್ಲಿ ನೋಡಿ ಏನು ಬಂತು? ಕಣ್ಣಾರೆ ಕಾಣಬೇಕು. ಅದಕ್ಕೆ ಇನ್ನೂ ಒಂದು ಲೆಕ್ಕ ಬೇಕು, ನನ್ನ ಮಟ್ಟಿಗೆ ಇಡೀ ಪುಟದ ಪ್ರಾಣ ಅದೇ. ನಿಲ್ದಾಣಕ್ಕೆ ಸ್ವಂತ ಬೆಳಕಿಲ್ಲ, ಸೂರ್ಯನ ಬಿಸಿಲಿಗೆ ಹೊಳೆಯಬೇಕು. ನಮ್ಮಲ್ಲಿ ಕತ್ತಲಾಗಿರಬೇಕು, 400 ಕಿ.ಮೀ. ಮೇಲೆ ಇನ್ನೂ ಬಿಸಿಲಿರಬೇಕು. ಅಂಥ ಹೊತ್ತು ಸಿಗುವುದು ಹೊತ್ತು ಮುಳುಗಿದ ಮೇಲೆ ಒಂದೆರಡು ತಾಸು, ಹೊತ್ತು ಮೂಡುವ ಮುಂಚೆ ಒಂದೆರಡು ತಾಸು. ಪುಟ ಸೂರ್ಯನ ದಿಕ್ಕು ಲೆಕ್ಕ ಹಾಕಿ, ಭೂಮಿಯ ನೆರಳು ಎಲ್ಲಿ ಬಿದ್ದಿದೆ ಎಂದು ತಿಳಿದು, ನಿಲ್ದಾಣ ಆ ನೆರಳಿನೊಳಗೋ ಹೊರಗೋ ಎಂದು ನೋಡುತ್ತದೆ. ಅದಕ್ಕೇ ಅದು ಹೀಗೂ ಹೇಳಬಲ್ಲದು: ನೈಋತ್ಯದಲ್ಲಿ ಏಳುತ್ತದೆ, ನೆತ್ತಿಯ ಹತ್ತಿರ ಬರುತ್ತದೆ, ಈಶಾನ್ಯಕ್ಕೆ ಇಳಿಯುತ್ತಿರುವಾಗ ಇಂಥ ಸೆಕೆಂಡಿಗೆ ಆಕಾಶದ ನಡುವೆಯೇ ಆರಿಹೋಗುತ್ತದೆ!

ಮತ್ತು ಹಾಗೇ ಆಗುತ್ತದೆ. ಮೊದಲ ಸಲ ನೋಡಿದವರು ಹೌಹಾರುವುದು ಇಲ್ಲೇ. ಬೆಳ್ಳಿಚುಕ್ಕಿಯಷ್ಟು ಪ್ರಖರವಾದ ಬೆಳಕೊಂದು ಸದ್ದಿಲ್ಲದೆ, ಮಿಣುಕದೆ ನಡೆದು ಬರುತ್ತಿರುತ್ತದೆ. ಮೋಡವಿಲ್ಲ, ಮರದ ಮರೆಯಿಲ್ಲ, ಸುಮ್ಮನೆ ಕೆಂಪಾಗಿ ಕರಗಿಬಿಡುತ್ತದೆ. ಭೂಮಿಯ ನೆರಳಿನ ಅಂಚು ಎಲ್ಲಿದೆ ಎಂಬುದನ್ನು ಬೆರಳಿಟ್ಟು ತೋರಿಸಿದ ಹಾಗೆ. ಅದು ದಿಗಂತದಲ್ಲಿ ಏಳುವಾಗ ಮಾಲ್ಡೀವ್ಸಿನ ಪಶ್ಚಿಮಕ್ಕೆ ನಡುಗಡಲ ಮೇಲಿರುತ್ತದೆ, ನಮ್ಮಿಂದ ಎರಡು ಸಾವಿರ ಕಿ.ಮೀ. ಆಚೆ. ಗೋವೆ, ಬೆಳಗಾವಿ, ಸೊಲ್ಲಾಪುರ, ಲಾತೂರು, ನಾಂದೇಡ ಎಂದು ದಾಟಿ, ಇನ್ನೊಂದು ದಿಗಂತ ಮುಟ್ಟುವಾಗ ಟಿಬೆಟ್ಟಿನ ಮೇಲೆ. ಎಲ್ಲ ಸೇರಿ ಹತ್ತು ನಿಮಿಷದ ಪ್ರವಾಸ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಎಸ್ಟಿ ಬಸ್ಸು ಒಂದು ತಾಸು ತಿನ್ನುವ ದೂರವನ್ನು ಅದು ಐದಾರು ಸೆಕೆಂಡಿನಲ್ಲಿ ನುಂಗುತ್ತದೆ.

ಜಾಗದ ವಿಷಯಕ್ಕೆ ಬಂದರೆ, ಪುಟ ತೆರೆದ ಕೂಡಲೇ ಮೊಬೈಲನ್ನು ಕೇಳುತ್ತದೆ: ನೀನು ಎಲ್ಲಿದ್ದೀ? ಮೊಬೈಲು ಜಿಪಿಎಸ್‌ನಿಂದ ತಿಳಿದು ಉತ್ತರ ಕೊಡುತ್ತದೆ. ಈ ಜಿಪಿಎಸ್ ಹುಟ್ಟಿದ ಬಗೆ ಗೊತ್ತಾದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಸ್ಪುಟ್ನಿಕ್ ಹಾರಿದ ವಾರದಲ್ಲೇ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ವಿಲಿಯಂ ಗಯರ್ ಮತ್ತು ಜಾರ್ಜ್ ವೈಫನ್‌ಬಾಕ್ ಎಂಬ ಇಬ್ಬರು ತರುಣರು ಅದರ ಬೀಪ್ ಸದ್ದಿಗೆ ಕಿವಿಗೊಟ್ಟು ಕೂತರು. ಹತ್ತಿರ ಬರುವಾಗ ಸ್ವರ ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆ. ಈ ಏರಿಳಿತವೊಂದರಿಂದಲೇ ಸ್ಪುಟ್ನಿಕ್ಕಿನ ಪೂರ್ತಿ ಪಥ ಲೆಕ್ಕಕ್ಕೆ ಸಿಕ್ಕಿಬಿಟ್ಟಿತು! ಮರುವರ್ಷ ಅವರ ಹಿರಿಯ ಫ್ರಾಂಕ್ ಮೆಕ್ಲೂರ್ ಪ್ರಶ್ನೆಯನ್ನು ತಿರುವಿ ಹಾಕಿದರು. ನಾವಿರುವ ಜಾಗ ಗೊತ್ತಿದ್ದು ಉಪಗ್ರಹದ ಜಾಗ ಸಿಗುವುದಾದರೆ, ಉಪಗ್ರಹದ ಜಾಗ ಗೊತ್ತಿದ್ದು ನಾವಿರುವ ಜಾಗ ಸಿಗಬೇಡವೇ? ಅಲ್ಲಿಂದ ಟ್ರಾನ್ಸಿಟ್ ಎಂಬ ವ್ಯವಸ್ಥೆ, ಅದರ ಹಿಂದೆಯೇ ಜಿಪಿಎಸ್, ಈಗ ನಮ್ಮದೇ ನಾವಿಕ್. ನಮ್ಮ ಪುಟ್ಟ ಪುಟದೊಳಗೆ ಈ ಎರಡೂ ಪ್ರಶ್ನೆ ಬೆನ್ನಿಗೆ ಬೆನ್ನು ತಾಗಿಸಿ ಕೂತಿವೆ.

ಶಾಲೆಯ ಮಕ್ಕಳಿಂದ ಇದೆಲ್ಲ ಆದೀತೇ ಎನ್ನುವವರು ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನ ಕಥೆ ಕೇಳಬೇಕು. ಅಲ್ಲಿನ ಗ್ರಾಮರ್ ಶಾಲೆಯ ಭೌತವಿಜ್ಞಾನದ ಮಾಸ್ತರ ಜೆಫ್ರಿ ಪೆರಿ ತನ್ನ ವಿದ್ಯಾರ್ಥಿಗಳ ಜೊತೆ ರೇಡಿಯೊ ಹಚ್ಚಿಕೊಂಡು ಸೋವಿಯತ್ ಉಪಗ್ರಹಗಳ ಸದ್ದು ಹಿಡಿಯುತ್ತಿದ್ದರು. 1966ರಲ್ಲಿ ಕಾಸ್ಮೋಸ್ 112ರ ಪಥ ಅವರ ಲೆಕ್ಕದಲ್ಲಿ ಎಲ್ಲೋ ತಪ್ಪುತ್ತಿತ್ತು. ಗೊತ್ತಿದ್ದ ಯಾವ ಉಡಾವಣಾ ಕೇಂದ್ರದಿಂದಲೂ ಅದು ಹಾರಿರಲು ಸಾಧ್ಯವಿರಲಿಲ್ಲ. ಗೆರೆಗಳನ್ನು ಹಿಂದಕ್ಕೆಳೆದು ನೋಡಿದರೆ ರಷ್ಯದ ಉತ್ತರದಲ್ಲಿ, ಸೋವಿಯತ್ ಸರಕಾರ ಬಾಯಿಬಿಡದಿದ್ದ ಪ್ಲೆಸೆಟ್ಸ್ಕ್! ಶಾಲೆಯ ಕೋಣೆಯಲ್ಲಿ ಕೂತು ಒಂದು ಮಹಾಶಕ್ತಿಯ ಗುಟ್ಟು ಬಿಚ್ಚಿದ್ದರು.

ನಮ್ಮ ಸೊಲ್ಲಾಪುರ ಜಿಲ್ಲೆಯೂ ಮಾಸ್ತರರ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯಲ್ಲಿದ್ದ ರಣಜಿತಸಿಂಹ ಡಿಸಲೆ ಪಠ್ಯಪುಸ್ತಕಗಳಿಗೆ ಕ್ಯೂಆರ್ ಕೋಡ್ ಅಂಟಿಸಿ 2020ರ ಗ್ಲೋಬಲ್ ಟೀಚರ್ ಪ್ರೈಜ್ ಗೆದ್ದರು. ಹತ್ತು ಲಕ್ಷ ಡಾಲರಿನಲ್ಲಿ ಅರ್ಧ ಉಳಿದ ಒಂಬತ್ತು ಸ್ಪರ್ಧಿಗಳಿಗೆ ಹಂಚಿಬಿಟ್ಟರು. ಇದೇ ಜಿಲ್ಲೆಯ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳಿಗೆ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ಕನ್ನಡದಲ್ಲೇ ಪುಸ್ತಕ ಅಚ್ಚು ಹಾಕುತ್ತದೆ. ಭೂಗೋಳದ ಪುಸ್ತಕದಲ್ಲಿ ಅಕ್ಷಾಂಶ, ರೇಖಾಂಶ ಎಂದು ಓದಿದ ಮಗು ಉಪಗ್ರಹ ನೋಡಹೋದರೆ ಸಿಗುವುದು ಬರೀ ಇಂಗ್ಲಿಷ್. ನನ್ನ ಪುಟದ ತಕರಾರು ಇಷ್ಟೇ ಇತ್ತು. ಅದರಲ್ಲಿ ಗುಂಡಿಗಳೆಲ್ಲ ಕನ್ನಡ, ಎರಡು ಸಾಲಿನ ಯಾವ ಅಂಕಿ ಮುಟ್ಟಿದರೂ ಅದರ ಅರ್ಥ ಕನ್ನಡದಲ್ಲಿ ಏಳುತ್ತದೆ. ಅಂಕಿಯನ್ನು ಬದಲಿಸಲೂ ಬಿಟ್ಟಿದ್ದೇನೆ. 51.6 ಅಳಿಸಿ 90 ಬರೆದರೆ ಚುಕ್ಕಿ ಧ್ರುವದ ಮೇಲೆ ಹಾಯುತ್ತದೆ; 10 ಬರೆದರೆ ಸೊಲ್ಲಾಪುರದ ನೆತ್ತಿಗೆ ಎಂದೂ ಬರುವುದೇ ಇಲ್ಲ. ಮಕ್ಕಳು ನಿಜವಾದ ನಿಲ್ದಾಣಕ್ಕಿಂತ ಹೆಚ್ಚು ಹೊತ್ತು ಆಡುವುದು ಈ ಸುಳ್ಳು ನೌಕೆಗಳ ಜೊತೆ. ಆಡಲಿ.

ಆ ಚುಕ್ಕಿಯೊಳಗೆ ಮನುಷ್ಯರಿದ್ದಾರೆ ಎಂಬುದು ಎಷ್ಟು ಸಲ ನೆನೆದರೂ ಹಳತಾಗದು. 2025ರ ಜೂನ್ 26ರಿಂದ ಜುಲೈ 14ರ ತನಕ ಅಲ್ಲಿ ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಇದ್ದರು. ಅವರ ಜೊತೆ ಹೋದದ್ದು ಏನು ಗೊತ್ತೇ? ಮೆಂತ್ಯ, ಹೆಸರು! ಧಾರವಾಡದ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ್ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ಕಳಿಸಿದ ಕಾಳುಗಳು. ತೂಕವೇ ಇಲ್ಲದ ಕಡೆ ಮೊಳಕೆ ಹೇಗೆ ಒಡೆಯುತ್ತದೆ ಎಂದು ನೋಡುವ ಪ್ರಯೋಗ. ಶುಕ್ಲಾ ನೀರುಣಿಸಿದರು, ಮೊಳಕೆ ಒಡೆಯಿತು, ಫೋಟೊ ಬಂತು. ಧಾರವಾಡದ ಕಾಳು ದಿನಕ್ಕೆ ಹದಿನೈದು ಸಲ ಭೂಮಿ ಸುತ್ತುತ್ತಾ ಮೊಳಕೆಯೊಡೆದಿತ್ತು, ಆ ಸುತ್ತುಗಳಲ್ಲಿ ಕೆಲವು ನಮ್ಮ ಆಕಾಶದಲ್ಲೂ ಹಾದಿದ್ದವು! ಅದೇ ಜುಲೈ 4ರಂದು ಶುಕ್ಲಾ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದ ಜೊತೆ ಹ್ಯಾಮ್ ರೇಡಿಯೊದಲ್ಲಿ ಮಾತಾಡಿದರು. ಹ್ಯಾಮ್ ಹವ್ಯಾಸಿಗಳು ನಿಲ್ದಾಣವನ್ನು ನೇರ ಹಿಡಿಯಬೇಕಾದರೆ ಅವರೂ ಇದೇ ಎರಡು ಸಾಲು ನೋಡಿ, ಇದೇ ಹತ್ತು ನಿಮಿಷಕ್ಕೆ ಕಾದು ಕೂರಬೇಕು.

ಲೆಕ್ಕ ಎಂದೆಂದಿಗೂ ಸರಿಯಿರುತ್ತದೆ ಎಂದಲ್ಲ. ಆ ಎತ್ತರದಲ್ಲೂ ಒಂದಿಷ್ಟು ಗಾಳಿ ಇದೆ, ಅದು ನಿಲ್ದಾಣವನ್ನು ತಿಂಗಳಿಗೆ ಸುಮಾರು ಎರಡು ಕಿ.ಮೀ. ಕೆಳಗೆಳೆಯುತ್ತದೆ, ಆಗಾಗ ಎಂಜಿನ್ ಹಚ್ಚಿ ಮೇಲೆತ್ತುತ್ತಾರೆ. ಹಳೆಯ ಸಾಲನ್ನೇ ಇಟ್ಟುಕೊಂಡರೆ ಚುಕ್ಕಿ ದಿನಕ್ಕೆ ಒಂದರಿಂದ ಮೂರು ಕಿ.ಮೀ. ಸುಳ್ಳು ಹೇಳತೊಡಗುತ್ತದೆ. ವಾರಕ್ಕೊಮ್ಮೆಯಾದರೂ ನೆಟ್ ಬೇಕು. ಮಳೆಗಾಲದಲ್ಲಿ ಮೋಡ ಅಡ್ಡ ಬಂದರೆ ಯಾವ ಸೂತ್ರವೂ ಕೆಲಸಕ್ಕೆ ಬಾರದು. ಸಂಕ್ರಾಂತಿಯ ಹೊತ್ತಿಗೆ, ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಯ ದಿನಗಳಲ್ಲಿ, ಸೊಲ್ಲಾಪುರದ ಆಕಾಶ ತೊಳೆದಿಟ್ಟಂತಿರುತ್ತದೆ. ನೋಡುವುದಾದರೆ ಆಗ ನೋಡಿ.

ನಿಲ್ದಾಣವೊಂದೇ ಯಾಕೆ? ಪುಟದ ಮೇಲ್ಗಡೆ 25544 ಎಂದಿರುವ ಪೆಟ್ಟಿಗೆಯಲ್ಲಿ ಬೇರೆ ನಂಬರು ಬರೆಯಬಹುದು. 48274 ಬರೆಯಿರಿ, ಚೀನಾದ ನಿಲ್ದಾಣ ಹಾಜರು. 5 ಬರೆಯಿರಿ, ಬರೀ ಐದು: 1958ರ ಮಾರ್ಚಿನಲ್ಲಿ ಹಾರಿದ ವ್ಯಾನ್‌ಗಾರ್ಡ್ 1, ಒಂದೂವರೆ ಕಿಲೊ ತೂಕದ ಚೆಂಡು, ರೇಡಿಯೊ ಸತ್ತು ಅರವತ್ತು ವರ್ಷವಾದರೂ ಇನ್ನೂ ಸುತ್ತುತ್ತಿದೆ! 20580 ಬರೆದು ನೋಡಿ, ಹಬಲ್ ದೂರದರ್ಶಕ. ಅದರ ಪಥದ ವಾಲು 28.5 ಡಿಗ್ರಿ ಮಾತ್ರ. ಲಂಡನ್ನಿನಲ್ಲಿ ಕೂತು ಅದರ ಚಿತ್ರಗಳನ್ನು ಗೋಡೆಗೆ ಹಚ್ಚಿಕೊಂಡವರಿಗೆ ಅದು ದಿಗಂತದ ಮೇಲೆ ಎಂದೂ ಏಳುವುದಿಲ್ಲ. ಅಕ್ಕಲಕೋಟೆಯವರಿಗೆ ನೆತ್ತಿಯ ಮೇಲೇ ಬರುತ್ತದೆ, ಬರಿಗಣ್ಣಿಗೆ ಕಾಣುತ್ತದೆ, ಹೊತ್ತು ಮುಳುಗಿದ ಮೇಲೆ ಪಶ್ಚಿಮದಿಂದ.